ಚಿಗವ್ವನ ಕೊರಳಿನ ಟಾಕು

೧೯೫೮ರಲ್ಲಿ, ಏಳನೆಯ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಅಪ್ಪನಿಗೆ ದಮ್ಮು ಹೆಚ್ಚಾಗಿತ್ತು, ಇಚಲಕರಂಜಿಯಲ್ಲಿ ಮಗ್ಗದ ಕೆಲಸವಿತ್ತು. ಹೋಗುತ್ತೇನೆ ಎಂದವನು ನಾನೇ. ಅವ್ವ ತೀರಿದ ಮರುವರ್ಷ ಅಪ್ಪ ಮಾಡಿಕೊಂಡು ಬಂದ ಚಿಗವ್ವ, ನನ್ನ ಪಾಟಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಿಗೆ ಅಡ್ಡ ಕುಳಿತಿದ್ದಳು. ದಾಟಿ ಹೋದೆ. ಗಡಹಿಂಗ್ಲಜದ ನಮ್ಮ ಓಣಿ ಮಾತ್ರ ಸಂಜೆಯೊಳಗೆ ತೀರ್ಪು ಕೊಟ್ಟಿತ್ತು: "ಮಲತಾಯಿ ಅಲ್ಲೇನ, ಹುಡುಗನ್ನ ಕೂಲಿಗೆ ಅಟ್ಟಿದ್ಲು."

ಮಲತಾಯಿ ಎಂಬ ಆ ಶಬ್ದ ಯಾರಾದರೂ ಆಡಿದರೆ ನಾನು ಇಂದಿಗೂ ಅಲ್ಲಿಂದ ಎದ್ದು ಹೋಗುತ್ತೇನೆ. ನಾನು ಸಣ್ಣವನಿದ್ದಾಗ ಓಣಿಯ ಹೆಂಗಸರು ನನ್ನ ಕೈಯಲ್ಲಿ ಉಂಡಿ ಇಟ್ಟು, ಅಂಗಿ ಎತ್ತಿ ಬೆನ್ನ ಮೇಲೆ ಬಾಸುಂಡೆ ಹುಡುಕುತ್ತಿದ್ದರು. ಸಿಗದಿದ್ದರೆ ಅವರ ಮುಖ ಸಣ್ಣದಾಗುತ್ತಿತ್ತು. ಮರಾಠಿಯವರು 'ಸಾವತ್ರ' ಎಂದು ತುಟಿ ಸೊಟ್ಟ ಮಾಡುವರು, ನಮ್ಮವರು ಮಲತಾಯಿ ಎಂದು. ಹೊಲಸು ಒಂದೇ. ಓದಿದವರೂ ಬಿಡಲಿಲ್ಲ. ಸರಕಾರವನ್ನು ಬೈಯಬೇಕಾದರೆ ಪೇಪರಿನಲ್ಲಿ 'ಮಲತಾಯಿ ಧೋರಣೆ' ಎಂದು ಬರೆಯುತ್ತಾರೆ. ಅಂಥ ಪೇಪರಿನಿಂದ ನಾನು ಮಗ್ಗದ ಎಣ್ಣೆ ಒರೆಸುತ್ತೇನೆ.

ಚಿಗವ್ವನ ಕೊರಳಲ್ಲಿ ತಾಳಿಯ ಪಕ್ಕ ಉಗುರಿನಷ್ಟು ಅಗಲದ ಬೆಳ್ಳಿಯ ಟಾಕು ಇತ್ತು, ಅದರ ಮೇಲೆ ಹೆಣ್ಣಿನ ಮೂರ್ತಿ. ಎರಡನೆಯವಳಾಗಿ ಬಂದವಳು ಸತ್ತ ಸವತಿಯ ಹೆಸರಲ್ಲಿ ಅದನ್ನು ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಸತ್ತವಳು ಕಾಡುತ್ತಾಳೆ ಎಂದು ನಮ್ಮ ಕಡೆ ನಂಬಿಕೆ. ಉಳಿದವರು ಅಂಜಿ ಕಟ್ಟಿಕೊಳ್ಳುತ್ತಿದ್ದರು. ಇವಳು ಅದರೊಂದಿಗೆ ಬಾಳುವೆ ಮಾಡಿದಳು. ಕುಂಕುಮ ಮೊದಲು ಅದಕ್ಕೆ, ಆಮೇಲೆ ತನ್ನ ಹಣೆಗೆ. ರೊಟ್ಟಿಯ ಮೊದಲ ತುತ್ತು ಅದಕ್ಕೆ ಮುಟ್ಟಿಸಿಯೇ ಬಾಯಿಗೆ. ಕೇಳಿದರೆ, "ನಿಮ್ಮವ್ವ ಉಣ್ಣದ ನಾ ಹ್ಯಾಂಗ ಉಣ್ಲಿ?" ಅನ್ನುವಳು. ನನಗೆ ಜ್ವರ ಬಂದರೆ ಟಾಕಿನ ಸಂಗಡ ಜಗಳ: "ಹಡದಾಕಿ ನೀನು, ನಿದ್ದಿಗೆಡಾಕಿ ನಾನು. ಭಾಳ ಶಾಣ್ಯಾಕಿ ಅದೀ."

೧೯೬೬ರಲ್ಲಿ ನನ್ನ ಲಗ್ನವಾಯಿತು. ಮದುಮಗನಿಗೆ ಮೊದಲ ಅರಿಷಿಣ ತಾಯಿಯ ಕೈಯದು. ಕೊಲ್ಹಾಪುರದಿಂದ ಬಂದ ಅಪ್ಪನ ಅಕ್ಕ, ನನ್ನ ಸೋದರತ್ತೆ, ಚಿಗವ್ವನ ಕೈಯಿಂದ ಬಟ್ಟಲು ಕಸಿದುಕೊಂಡಳು. "ಹಡದಾಕಿ ಇಲ್ಲಂದ್ರ ನಾ ಹಚ್ಚತೀನಿ. ಮಲತಾಯಿ ಕೈ ಬ್ಯಾಡ."

ನೆರೆದ ಮಂದಿ ಹೌದೆಂಬಂತೆ ತಲೆ ಆಡಿಸಿತು. ನಾನು ಮಣೆ ಬಿಟ್ಟು ಏಳಹೊರಟೆ. ಚಿಗವ್ವ ಭುಜ ಒತ್ತಿ ಕೂಡಿಸಿದಳು. ಸೆರಗಿನೊಳಗಿಂದ ಟಾಕು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಹಡದಾಕಿ ಇಲ್ಲೇ ಅದಾಳ್ರಿ ಅಕ್ಕಾರ. ಇಷ್ಟ ವರ್ಷ ನನ್ನ ಕೂಡ ಉಂಡಾಳ. ಬಟ್ಟಲಾ ಕೊಡ್ರಿ, ಇಬ್ರೂ ಕೂಡಿ ಹಚ್ಚತೀವಿ."

ಸತ್ತವಳೆಂದರೆ ಅತ್ತೆಗೆ ಅಂಜಿಕೆ. ಬಟ್ಟಲು ಕೊಟ್ಟಳು. ಚಿಗವ್ವ ಟಾಕನ್ನು ಅರಿಷಿಣದಲ್ಲಿ ಅದ್ದಿ ನನ್ನ ಕೆನ್ನೆಗೆ ಒತ್ತಿದಳು, ಅದರ ಮೇಲೆ ತನ್ನ ಅಂಗೈ.

ಮೂರು ವರ್ಷಕ್ಕೆ ಅವಳು ತೀರಿದಳು. ಹೆಣದ ಮುಂದೆ ಕುಳಿತು ಅದೇ ಅತ್ತೆ ಮೂಗು ಒರೆಸಿಕೊಳ್ಳುತ್ತ, "ಮಲತಾಯಿ ಆದ್ರೂ ಛಲೋ ಇದ್ಲು" ಅಂದಳು. ಅಂದಿನಿಂದ ಅವಳ ಮನೆಯ ನೀರು ನಾನು ಮುಟ್ಟಿಲ್ಲ.

ಈಗ ನನಗೆ ಸ್ವಂತದ ನಾಲ್ಕು ಮಗ್ಗ ಇವೆ, ಎರಡು ಖೋಲಿಯ ಮನೆ ಇದೆ, ಒಬ್ಬ ಮಗಳಿದ್ದಾಳೆ. ದೇವರ ಜಗಲಿಯ ಮೇಲೆ ಟಾಕು ಎರಡು: ಚಿಗವ್ವನ ಕೊರಳಲ್ಲಿದ್ದ ಅವ್ವನದೊಂದು, ನಾನು ಚಿಗವ್ವನ ಹೆಸರಲ್ಲಿ ಮಾಡಿಸಿದ್ದೊಂದು.