ಸಾಲಿನ ನಡುವೆ ಅಪ್ಪ

ಹಿರೇಕೆರೂರಿನ ಕಾಲೇಜಿನಲ್ಲಿ ನಮಗೆ ಹಳೆಯ ಇಂಗ್ಲಿಷ್ ವೀರಕಾವ್ಯದ ಪಾಠವಿತ್ತು. ಅದರ ಪ್ರತಿ ಸಾಲೂ ನಡುವೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ತರಗತಿಯಲ್ಲಿ ಓದಿ ತೋರಿಸಬೇಕಿತ್ತು. ಚಿಕ್ಕೇರೂರಿನ ನಮ್ಮ ಪಡಸಾಲೆಯಲ್ಲಿ ಕೂತು ಆ ಸಾಲುಗಳನ್ನು ಗೊಣಗುತ್ತಿದ್ದೆ. ಪಕ್ಕದಲ್ಲಿ ಗೋವಿನಜೋಳ ಬಿಡಿಸುತ್ತಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ.

“ಏನವ್ವಾ ಅದು?”

“ವೀರ ಮಾತಾಡಾಕತ್ತಾನಪ್ಪಾ. ಅವನ ಕೈಯಾಗಿನ ಕತ್ತಿ ಮನೆತನದ ಮಾನದ ಸಂಕೇತ.”

“ಸಂಕೇತ ಇರ್ಲಿ. ಕತ್ತಿ ಹಿಡದಾಂವ ಹಂಗ ಸಣ್ಣ ದನೀಲೆ ಮಾತಾಡ್ತಾನನು?”

ನಮ್ಮ ಕಡೆ ಮದುವೆಗೆ ಮುಂಚಿನ ಗುಗ್ಗಳದ ಮೆರವಣಿಗೆಯಲ್ಲಿ ಪುರವಂತರು ಕತ್ತಿ ಹಿಡಿದು ವೀರಭದ್ರನ ಪರಾಕ್ರಮ ಸಾರುವ ಒಡಪನ್ನು ಅಬ್ಬರಿಸಿ ಹೇಳುತ್ತಾರೆ. ಅವರು ಉಸಿರು ಎಳೆದುಕೊಳ್ಳುವಲ್ಲೆಲ್ಲ ಸುತ್ತಲಿನವರು “ಆಹಾ ವೀರಾ” ಎನ್ನಬೇಕು. ಅದರಲ್ಲಿ ಅಪ್ಪ ಎಂದೂ ಹಿಂದೆ ಬಿದ್ದವನಲ್ಲ.

ನಾನು ದನಿ ಏರಿಸಿದೆ. ಇಂಗ್ಲಿಷಿನ ಒಂದಕ್ಷರ ಬಾರದ ಅಪ್ಪ ಪ್ರತಿ ಸಾಲಿನ ನಡುವೆಯೂ ಸರಿಯಾಗಿ “ಆಹಾ ವೀರಾ” ಎಂದ. ವಾರವಿಡೀ ಹೀಗೇ ನಡೆಯಿತು.

ತರಗತಿಯಲ್ಲಿ ಎದ್ದು ಅರ್ಧ ಸಾಲು ಜೋರಾಗಿ ಹೇಳಿದವಳು ಸುಮ್ಮನೆ ನಿಂತುಬಿಟ್ಟೆ.

“ಯಾಕವ್ವಾ, ಮರತಿ ಏನು?” ಎಂದರು ಸರ್.

“ಇಲ್ರಿ ಸರ್. ಈಗ ನಮ್ಮಪ್ಪನ ಪಾಳಿ ಐತ್ರಿ.”