ದಿಣ್ಣೆಯ ಮೇಲೆ ನಿಲ್ಲದ ಬಸ್ಸು

ನಾನು ಸೊಸೆಯಾಗಿ ಬಂದದ್ದು ಮನೆಗಲ್ಲ, ಹೋಟೆಲಿಗೆ. ಚನ್ನಗಿರಿಯಿಂದ ಹೊನ್ನಾಳಿಗೆ ಹೋಗುವ ಹಾದಿಯ ನಡುವೆ ಒಂದು ದಿಣ್ಣೆ, ಅದರ ನೆತ್ತಿಯಲ್ಲಿ ನಮ್ಮ ಹೆಂಚಿನ ಹೋಟೆಲು, ಮಗ್ಗುಲಲ್ಲೇ ಮಾವನವರು ಆಸೆಪಟ್ಟು ಹಾಕಿಸಿದ ಪೆಟ್ರೋಲಿನ ಕೈಪಂಪು. ಮಾವ ತೀರಿಕೊಂಡರು, ಎರಡನೇ ಮಹಾಯುದ್ಧ ಬಂತು, ಪೆಟ್ರೋಲು ನಿಂತಿತು. ನಾನು ಬರುವ ಹೊತ್ತಿಗೆ ಆ ಪಂಪಿನ ಹಿಡಿಕೆಯ ಮೇಲೆ ಅತ್ತೆಯವರು ಒರಸುಬಟ್ಟೆ ಒಣಹಾಕುತ್ತಿದ್ದರು.

ಹೇಳಬಾರದು, ಆದರೂ ನಿಜ: ಯುದ್ಧದಿಂದ ಹೋಟೆಲಿಗೆ ಒಳ್ಳೆಯದೇ ಆಯಿತು. ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿಗೆ ತಿರುಗಿದವು. ಬೆನ್ನಿಗೆ ಒಲೆ ಕಟ್ಟಿಕೊಂಡ ಬಸ್ಸು ದಿಣ್ಣೆಯ ಬುಡದಲ್ಲಿ ನರಳಲು ಶುರುಮಾಡಿದ ಕೂಡಲೇ ಅತ್ತೆಯವರು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದರು. ಬಸ್ಸು ಏದುಸಿರು ಬಿಡುತ್ತ ಮೇಲೆ ಬರುವುದಕ್ಕೂ ಕಾಯಿ ಕೆಂಪಗಾಗುವುದಕ್ಕೂ ಸರಿಹೋಗುತ್ತಿತ್ತು, ಒಂದು ದಿನವೂ ತಪ್ಪಲಿಲ್ಲ. ಡ್ರೈವರು ಆ ಒಲೆಯ ಬೂದಿ ಕೆದಕಿ, ಇದ್ದಿಲು ತುಂಬಿ, ಮತ್ತೆ ಬೆಂಕಿ ಏಳಿಸುವಷ್ಟರಲ್ಲಿ ಅರ್ಧ ಗಂಟೆ. ಅಷ್ಟು ಹೊತ್ತು ಜನ ಮಂಡಕ್ಕಿ, ಮೆಣಸಿನಕಾಯಿ ತಿಂದು, ಬಾಯಿ ಉರಿಸಿಕೊಂಡು, ನೀರು ನೀರು ಎಂದು ನನ್ನ ಸೊಂಟ ಮುರಿಯುತ್ತಿದ್ದರು. ಬೈದುಕೊಳ್ಳುತ್ತಿದ್ದೆ. ಆ ಗದ್ದಲ ನನಗೆ ಇಷ್ಟವಿತ್ತೆಂದು ಆಗ ಗೊತ್ತಿರಲಿಲ್ಲ.

ಯುದ್ಧ ಮುಗಿದು ಪೆಟ್ರೋಲು ಮತ್ತೆ ಸಿಗತೊಡಗಿತು. ಬಸ್ಸಿನವರು ಅದನ್ನು ಊರಲ್ಲೇ ತುಂಬಿಸಿಕೊಂಡು ಹೊರಡುತ್ತಿದ್ದರು. ಸದ್ದು ಕೇಳಿ ಅತ್ತೆಯವರು ಕಾಯಿ ಬಿಟ್ಟರೆ, ಅದನ್ನು ಬಾಣಲೆಯಲ್ಲಿ ಮಗುಚುವ ಮೊದಲೇ ಬಸ್ಸು ನಮ್ಮ ಮುಖಕ್ಕೆ ಧೂಳೆರಚಿ ಹೋಗಿರುತ್ತಿತ್ತು. ಆದರೂ ದಿನಾ ಬಿಡುತ್ತಿದ್ದರು. ಅಷ್ಟನ್ನೂ ನಾವೇ ತಿಂದು ತಿಂದು ನನ್ನ ಗಂಡನಿಗೆ ಎದೆಯುರಿ ಹಿಡಿಯಿತು.

“ಈಗಿನ ಬಸ್ಸು ಇಲ್ಲಿ ಯಾಕೆ ನಿಲ್ತಾವವ್ವ? ಹೋಟ್ಲು ಮುಚ್ಚಿ ನ್ಯಾಮತಿಗೆ ಹೋಗಾನ. ಅಲ್ಲಿ ಅಂಗಡೀಲಿ ನನಗೆ ಕೆಲಸ ಐತೆ,” ಎಂದರು ನನ್ನ ಗಂಡ.

“ಇಂಜಿನ್ನಿಗೆ ಬ್ಯಾಡಾದ್ರೆ ಜನರ ಹೊಟ್ಟಿಗೂ ಬ್ಯಾಡೇನೋ? ಆ ಡ್ರೈವರಿಗೆ ಯಾರೋ ನಮ್ಮ ಮ್ಯಾಲೆ ಚಾಡಿ ಹೇಳ್ಯಾರೆ. ನಾನೇ ಕೇಳ್ತೀನಿ,” ಎಂದು ಅತ್ತೆಯವರು ಎತ್ತಿನ ಗಾಡಿ ಹತ್ತಿ ಚನ್ನಗಿರಿಗೆ ಹೊರಟೇಬಿಟ್ಟರು.

ಮರುದಿನ ಸದ್ದು ಕೇಳಿದಾಗ ರೂಢಿಯಂತೆ ನಾನೂ ಕಾಯಿ ಬಿಟ್ಟೆ. ಬಸ್ಸು ನಿಂತಿತು! ಡ್ರೈವರು ತಾನೇ ಇಳಿದು, ಅತ್ತೆಯವರ ಗಂಟು ಹಿಡಿದುಕೊಂಡು, “ನಿಧಾನಕ್ಕೆ ಇಳೀರಮ್ಮ. ನಿಮ್ಮ ಕೈ ರುಚಿ ಮರೆಯಾಕಾಗ್ತೈತಾ?” ಎಂದ. ಜಗಳವಾಡಿದ ಗುರುತೇ ಇರಲಿಲ್ಲ. ಅತ್ತೆಯವರು ಕಿಟಕಿಗಳತ್ತ ತಿರುಗಿ, “ಇಳೀರಿ, ಒಂದಿಷ್ಟು ತಿಂದು ಹೋಗ್ರಿ,” ಎಂದು ಕರೆದರು.

“ಬ್ಯಾಡ್ರಮ್ಮ, ಇನ್ನೇನು ಹೊನ್ನಾಳಿ ಬಂತಲ್ಲ,” ಎಂದು ಒಬ್ಬರು ನಕ್ಕರು. ಯಾರೂ ಇಳಿಯಲಿಲ್ಲ. ಬಸ್ಸು ಹೋಯಿತು.

ಬಿಸಿ ಮೆಣಸಿನಕಾಯಿ ತಟ್ಟೆಗೆ ಹಾಕಿ ಅವರ ಮುಂದೆ ಹಿಡಿದೆ. “ತಿನ್ರಿ ಅತ್ತೆ, ಹಸಿದಿರ್ತೀರಿ.”

ಅವರು ತಟ್ಟೆಯನ್ನೇ ನೋಡಿದರು. “ಈಗಿನ್ನೂ ಚನ್ನಗಿರೀಲಿ ಉಂಡು ಬಸ್ಸು ಹತ್ತಿದೀನಿ ಕಣೆ. ಹತ್ತಿದ್ದೇ ಗೊತ್ತು, ಇಳಿದಿದ್ದೇ ಗೊತ್ತು. ನನಗೇ ಹಸಿವಿಲ್ಲ.”

ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಒಳಗೆ ಹೋಗಿ ಒಲೆಯಿಂದ ಉರಿಯುವ ಸೌದೆಯನ್ನು ಒಂದೊಂದಾಗಿ ಎಳೆದು, ತಾವೇ ನೀರು ಚಿಮುಕಿಸಿ, “ನ್ಯಾಮತಿಗೆ ಯಾವತ್ತು ಹೋಗಾನ?” ಎಂದು ಕೇಳಿದರು.