ಅಜ್ಜನ ಚಂಚಿಯಲ್ಲಿದ್ದ ರೇಡಿಯೊ ಗುಂಡಿ

ನಿಪ್ಪಾಣಿ ಬಸ್ಸಿನಲ್ಲಿ ಪಕ್ಕದವರು ಚಂಚಿ ಚೀಲ ಬಿಚ್ಚಿ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದಾರೆ. ನನ್ನ ಫೋನಿನಲ್ಲಿ ನಮ್ಮ ತಂತ್ರಜ್ಞಾನ ಗುಂಪಿನ ಜಗಳ. ಸರ್ಕಾರ ಯಾವುದೋ ಆ್ಯಪ್ ನಿಷೇಧಿಸುತ್ತದಂತೆ ಎಂದು ಬೆಳಿಗ್ಗೆ ಒಬ್ಬರು ಲಿಂಕ್ ಹಾಕಿದ್ದೇ ತಡ, ಶುರುವಾಯಿತು.

ತಂಬಾಕಿನ ಘಾಟಿಗೆ ಗಡಿಯೂರು ಏಕಸಂಬಿಯ ನಮ್ಮಜ್ಜ ನೆನಪಾದ. ಅವನ ರೇಡಿಯೊ ಗುಂಡಿಗೂ ಇದೇ ಘಾಟು. ನಾವು ಹುಡುಗಿಯರು ಹಾಡಿನ ಸ್ಟೇಷನ್ನಿಗೆ ತಿರುಗಿಸುತ್ತೇವೆಂದು ಅದನ್ನು ಕಿತ್ತು ಚಂಚಿಯಲ್ಲಿಟ್ಟುಕೊಳ್ಳುತ್ತಿದ್ದ. ಸಂಜೆ ಮೊದಲು ಸಾಂಗ್ಲಿಯ ಮರಾಠಿ ಬಾತ್ಮಿ, ಆಮೇಲೆ ಧಾರವಾಡದ ಕನ್ನಡ ವಾರ್ತೆ. ಎರಡೂ ಮುಗಿಯುವವರೆಗೆ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಅಷ್ಟರಲ್ಲಿ ಹಾಡೆಲ್ಲ ಮುಗಿದು ನಮಗೆ ಅಳುವೇ ಬರುತ್ತಿತ್ತು.

ಒಮ್ಮೆ ಗಡಿ ಗಲಾಟೆಯ ಮರಾಠಿ ಬಾತ್ಮಿ ಕೇಳಿದ್ದೇ ಕಾಕಾ ಎದ್ದುನಿಂತ. "ಕೊಗನೊಳ್ಳಿ ಗಡಿಯಾಗ ಬಸ್ ಬಂದ್ ಮಾಡ್ಯಾರಂತ! ಎಲ್ಲಾರಿಗೂ ಹೇಳಿ ಬರತೇನಿ."

"ಕುಂದ್ರಲೇ, ಇನ್ನ ಕನ್ನಡದ್ದು ಬಾಕಿ ಐತಿ," ಎಂದ ಅಜ್ಜ, ಧಾರವಾಡಕ್ಕೆ ತಿರುಗಿಸಲು ಗುಂಡಿ ಸಿಕ್ಕಿಸುತ್ತ.

ಕಾಕಾ ಕೂರಲಿಲ್ಲ. ಅವನು ಊರಿಗೆಲ್ಲ ಸಾರುವಷ್ಟರಲ್ಲಿ, ಬಸ್ಸು ಮತ್ತೆ ಬಿಟ್ಟಿದ್ದಾರೆಂದು ಧಾರವಾಡದವರು ಹೇಳಿ ಮುಗಿಸಿದ್ದರು. ಅವನ ಮಾತು ನಂಬಿ ಕೊಲ್ಹಾಪುರದ ಮದುವೆಗೆ ಹೋಗದೆ ಉಳಿದ ಸೋದರತ್ತೆ ವರ್ಷಗಟ್ಟಲೆ ಅವನನ್ನು ಮಾತಾಡಿಸಲಿಲ್ಲ.

ಈಗ ಗುಂಪಿನಲ್ಲಿ ಕೇಳಿದೆ: "ಯಾರರೆ ಲಿಂಕ್ ತಗದು ಓದೀರೇನ್ರಿ?"

"ಓದೂದೇನೈತ್ರಿ ಮೇಡಂ, ಹೆಡ್ಡಿಂಗ್‌ನಾಗ ಎಲ್ಲಾ ಐತಲ್ರಿ!" ಎಂದು ಒಬ್ಬರು ಬರೆದರು.

ಸಿಟ್ಟಿನಿಂದ ನಾನೇ ಲಿಂಕ್ ಒತ್ತಿದೆ. ಅಂಥ ಪುಟವೇ ಇಲ್ಲವೆಂದು ಬಂತು. ಬೆಳಗಿನಿಂದ ಕಿತ್ತಾಡುತ್ತಿರುವವರಲ್ಲಿ ಒಬ್ಬರೂ ಅದನ್ನು ಹೇಳಿರಲಿಲ್ಲ.